ಲಡಾಖಿನಲ್ಲಿ ಕಟ್ಟಿದ ಎರಡಂತಸ್ತಿನ ಮನೆ

ನಾನು ಮಂಗಳಗೌರಿ, ಗುಂಡ್ಲುಪೇಟೆ ಡಿಪೋದ ಬಸ್ ಕಂಡಕ್ಟರ್. ಇಪ್ಪತ್ತೆರಡು ವರ್ಷದಿಂದ ನಾನು "ರೈಟ್" ಅನ್ನದೆ ನನ್ನ ಬಸ್ಸು ಒಂದು ಗೇಣು ಮುಂದಕ್ಕೆ ಹೋಗಿಲ್ಲ. ಡ್ರೈವರ್ ಎಷ್ಟೇ ಸೀನಿಯರ್ ಆಗಿರಲಿ, ಹಾರ್ನ್ ಮೇಲೆ ಕೂತುಬಿಡಲಿ, ಹಿಂದಿನ ಬಾಗಿಲಲ್ಲಿ ಒಬ್ಬ ಅಜ್ಜಿ ಕಾಲಿಡುತ್ತಿದ್ದಾಳೆ ಅಂದರೆ ಬಸ್ಸು ನಿಂತೇ ಇರಬೇಕು. ಈ ದರ್ಬಾರು ಮನೆಯೊಳಕ್ಕೂ ಬಂದುಬಿಟ್ಟಿದೆ ಅಂತ ನನ್ನ ಗಂಡ ದೇವರಾಜು ಅಂತಿರುತ್ತಾನೆ. ಬರಲಿ ಬಿಡಿ. ಮನೆಗೂ ಒಬ್ಬ ಕಂಡಕ್ಟರ್ ಬೇಕು.

ನಾನು ರೈಟ್ ಅನ್ನದೆ ಹೊರಟುಹೋದದ್ದು ಒಂದೇ ಒಂದು. ಅದು ನನ್ನ ಮಗಳು ಮೇಘನಾ.

ಚಾಮರಾಜನಗರದ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದವಳು ಬೆಟ್ಟ ಹತ್ತುವ ಕೋರ್ಸು ಅಂತ ಉತ್ತರಕ್ಕೆ ಹೋದಳು. ಆಮೇಲೆ ಜನರನ್ನು ಗುಂಪು ಕಟ್ಟಿಕೊಂಡು ಬೆಟ್ಟ ಕಣಿವೆ ನಡೆಸುವ ಒಂದು ಕಂಪನಿ ಸೇರಿದಳು. ರಜೆ ಹಾಕಿ ಕಾಸು ಕೊಟ್ಟು ನಡೆಯುವವರು ಇದ್ದಾರೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ನಮ್ಮ ಕಡೆ ಬಸ್ಸು ತಪ್ಪಿದವರು ನಡೆಯುತ್ತಾರೆ. ಎರಡು ವರ್ಷ ಕಲಿಯುವವಳಾಗಿದ್ದಳು. ಈ ಸೆಪ್ಟೆಂಬರಿನಲ್ಲಿ ಲಡಾಖಿನಲ್ಲಿ ಒಂದು ಗುಂಪನ್ನು ತಾನೇ ಮುಂದೆ ನಿಂತು ನಡೆಸಬೇಕಿತ್ತು. ಜೊತೆಗೊಬ್ಬ ಹಿರಿಯ ಗೈಡ್ ನೋಡುತ್ತಿರುತ್ತಾನೆ. ಅವನು ಪಾಸ್ ಅಂತ ಬರೆದರೆ ಇವಳು ಲೀಡರ್. ಫೇಲ್ ಅಂತ ಬರೆದರೆ ಮನೆಗೆ.

ಮನೆಗೆ ಬಂದರೆ ಕೆಲಸ ಕಾಯುತ್ತಿತ್ತು. ನನ್ನ ತಮ್ಮ ಚಿಕ್ಕಮಲ್ಲಪ್ಪ ಬದನಗುಪ್ಪೆ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಕೆಲಸಕ್ಕೆ ಮಾತಾಡಿ ಇಟ್ಟಿದ್ದ. ಅಕ್ಟೋಬರ್ ಒಂದನೇ ತಾರೀಕು ಸೇರಬೇಕು. ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರುವ ಕೆಲಸ. ಹೆತ್ತವಳಿಗೆ ಇನ್ನೇನು ಬೇಕು?

ಅಷ್ಟರಲ್ಲಿ ಆ ಗುಂಪಿನಲ್ಲಿ ಯಾರೋ ಒಬ್ಬರು ಕೊನೇ ಗಳಿಗೆಯಲ್ಲಿ ಕೈಕೊಟ್ಟರು. ಖಾಲಿ ಜಾಗಕ್ಕೆ ಕೆಲಸದವರ ಮನೆಯವರು ಬರಬಹುದು ಅಂತ ಕಂಪನಿ ಹೇಳಿತಂತೆ. ಮೇಘನಾ ಫೋನ್ ಮಾಡಿದಳು. "ಅವ್ವ, ನೀನೇ ಬಾ. ನಾನೇನ್ ಮಾಡ್ತಿವ್ನಿ ಅಂತ ಒಂದ್ಸಲ ಕಣ್ಣಾರ ನೋಡ್ಬುಡು."

"ನನ್ ಕೈಲಿ ನಡಿಯಕಾಯ್ತದಾ?" ಅಂದೆ, ಕೇಳಬೇಕಲ್ಲ ಅಂತ.

"ವರ್ಸ ವರ್ಸ ಮಾದಪ್ಪನ ಬೆಟ್ಟಕ್ಕೆ ನಡ್ಕಂಡು ಓಗಳು ಕೇಳ ಮಾತಾ ಇದು?"

ರಜೆ ಬರೆದುಕೊಟ್ಟೆ. ಚಿಕ್ಕಮಲ್ಲಪ್ಪನಿಗೆ ಹೇಳಿದೆ: "ನೋಡ್ಕಂಡು ಬರಕ್ಕೆ ಓಯ್ತಿಲ್ಲ ಕಣ್ಲಾ, ಕರ್ಕಂಡು ಬರಕ್ಕೆ ಓಯ್ತಿವ್ನಿ. ಒಂದ್ನೇ ತಾರೀಕು ಬದನಗುಪ್ಪೆಲಿ ಇರ್ತಾಳೆ." ಚೆಂಡುಹೂವಿನ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದ ದೇವರಾಜು ತಲೆ ಎತ್ತಿ, "ಮೊದ್ಲು ನೋಡ್ಬುಡಮ್ಮಿ, ಆಮೇಲ ಕರಿವಂತೆ" ಅಂದ. ಈ ಮನುಷ್ಯ ಯಾವುದಕ್ಕೂ ಅವಸರ ಮಾಡಿದ್ದನ್ನು ನಾನು ಕಂಡಿಲ್ಲ.

ಲೇಹ್ ಊರಿನಲ್ಲಿ ಮೂರು ದಿನ ಸುಮ್ಮನೆ ಕೂರಿಸಿದರು, ಎತ್ತರದ ಗಾಳಿಗೆ ಮೈ ಒಗ್ಗಬೇಕಂತೆ. ಗುಂಪಿನಲ್ಲಿ ನಾನು ಸೇರಿ ಆರು ಜನ. ಪುಣೆಯ ಜೋಶಿ ಅನ್ನುವವರು ಮತ್ತು ಅವರ ಹೆಂಡತಿ, ಇಬ್ಬರೂ ರಿಟೈರಾದವರು. ಇನ್ನು ಮೂವರು ಹೆಂಗಸರು ಕೇರಳದ ಸುಲ್ತಾನ್ ಬತ್ತೇರಿಯ ಸ್ಕೂಲ್ ಟೀಚರುಗಳು. ಬತ್ತೇರಿ ಅಂದರೆ ನಮ್ಮ ಗುಂಡ್ಲುಪೇಟೆಯಿಂದ ಕಾಡು ದಾಟಿದರೆ ಸಿಗುವ ಊರು, ನನ್ನ ಹಳೇ ರೂಟು! ನಾನು ಮಲಯಾಳದಲ್ಲಿ ಮಾತಾಡಿಸಿದ್ದೇ ತಡ, ಅವರಲ್ಲಿ ಹಿರಿಯಳಾದ ಲೀನಾ ಟೀಚರ್ ಚೇಚಿ, ಅಂದರೆ ಅಕ್ಕ, ಅಂತ ನನ್ನ ಕೈ ಹಿಡಿದುಕೊಂಡುಬಿಟ್ಟಳು. ಹಿರಿಯ ಗೈಡ್ ತುಂಡುಪ್ ಅದೇ ಸೀಮೆಯವನು. ಐವತ್ತರ ಆಸುಪಾಸು, ಬಿಸಿಲಿಗೆ ಸುಟ್ಟ ಮುಖ, ಮಾತು ಕಡಿಮೆ. ಎದೆಯ ಜೇಬಿನಲ್ಲಿ ಒಂದು ಪುಸ್ತಕ, ಒಂದು ಪೆನ್ನು. ಆ ಪೆನ್ನಿನ ಮೇಲೇ ನನ್ನ ಕಣ್ಣು.

ಹೊರಡುವ ಹಿಂದಿನ ದಿನ ಮೇಘನಾ ಎಲ್ಲರನ್ನೂ ಕೂರಿಸಿಕೊಂಡು ದಾರಿಯ ನಿಯಮಗಳನ್ನು ಹೇಳಿದಳು, ಇಂಗ್ಲಿಷಿನಲ್ಲಿ, ಅರ್ಧ ಗಂಟೆ. ನಾನು ಅವಳ ಬಾಯಿ ನೋಡುತ್ತ ಕೂತೆ. ಕೂದಲು ಕತ್ತರಿಸಿಕೊಂಡಿದ್ದಾಳೆ, ಮುಖ ಸೋತಿದೆ, ಊಟ ಸರಿಯಾಗಿ ಮಾಡುತ್ತಾಳೋ ಇಲ್ಲವೋ. ಅವಳು ಹೇಳಿದ್ದು ಒಂದೂ ಕಿವಿಗೆ ಬೀಳಲಿಲ್ಲ. ಮುಂದೆ ಆದದ್ದಕ್ಕೆಲ್ಲ ಇದೇ ಬೇರು.

ಮಾರನೇ ದಿನ ಕಣಿವೆಗೆ ಇಳಿದೆವು. ಎರಡೂ ಕಡೆ ಮುಗಿಲು ಮುಟ್ಟುವ ಕಲ್ಲಿನ ಗೋಡೆ, ಒಂದು ಕಡೆ ಇಟ್ಟಿಗೆ ಕೆಂಪು, ಇನ್ನೊಂದು ಕಡೆ ಬದನೆಕಾಯಿ ಬಣ್ಣ. ಮೇಲೆ ಒಂದು ಪಟ್ಟಿ ನೀಲಿ ಆಕಾಶ. ಕೆಳಗೆ ಒಣಗಿದ ಹೊಳೆಯ ಹಾಸು, ಬರೀ ಕಲ್ಲು. ಇದು ಮರುಭೂಮಿ ಅಂದಾಗ ನಾನು ನಂಬಲಿಲ್ಲ. ಮರಳು ಎಲ್ಲಿ, ಒಂಟೆ ಎಲ್ಲಿ? "ಇದು ಚಳಿ ಮರುಭೂಮಿ ಕಣವ್ವ, ಇಲ್ಲಿ ಮಳೆನೇ ಬರಕಿಲ್ಲ" ಅಂದಳು ಮೇಘನಾ. ನಿಜವೇ. ಒಂದು ಮರವಿಲ್ಲ, ಹುಲ್ಲಿಲ್ಲ. ಎರಡು ಗಂಟೆ ನಡೆದ ಮೇಲೆ ಒಂದು ತಿರುವಿನಲ್ಲಿ ಹಠಾತ್ತನೆ ನಾಲ್ಕು ಮನೆ, ಹತ್ತು ಜರ್ದಾಳು ಹಣ್ಣಿನ ಮರ, ಒಂದು ತುಂಡು ಹಸಿರು ಗದ್ದೆ. ಅದನ್ನು ಕಂಡು ಯಾಕೋ ಕಣ್ಣು ತುಂಬಿ ಬಂತು.

ಸುಳ್ಳು ಯಾಕೆ ಹೇಳಲಿ, ನನಗೆ ಬಹಳ ಸುಖವಾಗಿತ್ತು. ಇಪ್ಪತ್ತೆರಡು ವರ್ಷ ಓಡುವ ಬಸ್ಸಿನಲ್ಲಿ ನಿಂತ ಕಾಲು, ಆ ಕಲ್ಲು ಹಾಸು ಯಾವ ಲೆಕ್ಕ? ಜೋಶಿಯವರು ಎರಡು ಕೋಲು ಊರಿಕೊಂಡು ತಡವರಿಸುತ್ತಿದ್ದರೆ ನಾನು ಕೈಬೀಸಿಕೊಂಡು ಮುಂದೆ ಮುಂದೆ. ಮಧ್ಯಾಹ್ನ ತುಂಡುಪ್ ಹುರಿದ ಬಾರ್ಲಿ ಹಿಟ್ಟಿಗೆ ಉಪ್ಪಿನ ಚಹಾ ಹಾಕಿ ಉಂಡೆ ಮಾಡಿ ಕೊಟ್ಟ. ನಾನು ನನ್ನ ಡಬ್ಬಿಯಿಂದ ರಾಗಿ ಹುರಿಹಿಟ್ಟಿಗೆ ಬೆಲ್ಲ ಹಾಕಿ ಕಲಸಿ ಕೊಟ್ಟೆ. ಅವನು ತಿಂದು ಇನ್ನೊಂದು ಸಲ ಕೈಯೊಡ್ಡಿದ. ಮಗಳಿಗೆ ಅನುಕೂಲವಾಗಲಿ ಅಂತ ಕೊಟ್ಟದ್ದಲ್ಲ. ಹಾಗೆ ಆಗಬಾರದು ಅಂತಲೇ ನಾನು ಬಂದಿದ್ದೆನಲ್ಲ.

ಎರಡನೇ ದಿನ ನನ್ನ ಕಣ್ಣಿಗೆ ಕಲ್ಲಿನ ಗುಡ್ಡೆಗಳು ಬಿದ್ದವು. ದಾರಿಯಲ್ಲಿ ಅಲ್ಲಲ್ಲಿ ಒಂದರ ಮೇಲೊಂದು ನಾಲ್ಕು, ಐದು ಕಲ್ಲು. ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರಿಗೆ ಇದು ಗೊತ್ತು. ಮನೆ ಬೇಕು ಅನ್ನುವವರು ದಾರಿ ಪಕ್ಕದಲ್ಲಿ ಎರಡು ಕಲ್ಲು ನಿಲ್ಲಿಸಿ, ಮೇಲೊಂದು ಚಪ್ಪಟೆ ಕಲ್ಲು ಮುಚ್ಚಿ, ಪುಟ್ಟ ಮನೆ ಕಟ್ಟಿ ಕೈಮುಗಿಯುತ್ತಾರೆ. ಮದುವೆಯಾದ ವರ್ಷ ನಾನೂ ದೇವರಾಜುವೂ ಕಟ್ಟಿದ್ದೆವು. ನಾಲ್ಕೇ ವರ್ಷದಲ್ಲಿ ಗುಂಡ್ಲುಪೇಟೆಯಲ್ಲಿ ಎರಡು ಕೋಣೆಯ ಶೀಟಿನ ಮನೆ ಎದ್ದಿತು. ಪಾಪ, ಇಲ್ಲಿನ ಜನವೂ ಮನೆ ಬೇಡಿಕೊಂಡಿದ್ದಾರೆ, ಕಟ್ಟೋದಕ್ಕೆ ಮಾತ್ರ ಸರಿಯಾಗಿ ಬಂದಿಲ್ಲ, ಸುಮ್ಮನೆ ಗುಡ್ಡೆ ಹಾಕಿದ್ದಾರೆ ಅಂದುಕೊಂಡೆ.

ನಾನೂ ಕಟ್ಟಿದೆ. ಮುಂದೆ ಮುಂದೆ ನಡೆಯುತ್ತಿದ್ದರಿಂದ ಯಾರೂ ನೋಡಲಿಲ್ಲ. ಎರಡನೇ ದಿನ ನಾಲ್ಕು ಮನೆ, ನಾಲ್ಕೂ ದಾರಿ ಮಗ್ಗುಲಲ್ಲೇ. ಪ್ರತಿ ಸಲವೂ ಒಂದೇ ಬೇಡಿಕೆ: ಮಾದಪ್ಪ, ಮೇಘನಾ ಊರಿಗೆ ಬರಲಿ, ಊರಿನಲ್ಲಿ ಒಂದು ಮನೆ ಕಟ್ಟಿ ನಿಲ್ಲಲಿ.

ಮೂರನೇ ದಿನ ಬೆಳಿಗ್ಗೆ ತುಂಡುಪ್ ಸಾಮಾನು ಹೊರುವ ಕುದುರೆಗಳ ಜೊತೆ ಮುಂದೆ ಹೋದ, ಮುಂದಿನ ಬಿಡಾರ ಹೂಡಲು. ಅವತ್ತು ಎಲ್ಲ ಮೇಘನಾಳ ಕೈಯಲ್ಲಿ. ಹತ್ತು ಗಂಟೆ ಹೊತ್ತಿಗೆ ಜೋಶಿಯವರಿಗೆ ಕಾಲಿನ ನರ ಹಿಡಿದುಕೊಂಡಿತು. ಮೇಘನಾ ಅವರನ್ನು ಕೂರಿಸಿ ಮೀನಖಂಡ ಉಜ್ಜತೊಡಗಿದಳು. ನಮಗೆ, "ಕಲ್ಲಿನ ಗುರುತು ನೋಡಿಕೊಂಡು ನಿಧಾನಕ್ಕೆ ಹೋಗಿ, ದೊಡ್ಡ ಬಿಳಿ ಬಂಡೆ ಹತ್ತಿರ ನಿಂತಿರಿ" ಅಂತ ಇಂಗ್ಲಿಷಿನಲ್ಲಿ ಹೇಳಿದಳು. ನನಗೆ ಕೇಳಿದ್ದು ಬಿಳಿ ಬಂಡೆ ಅಷ್ಟೇ. ಅದು ದೂರದಲ್ಲಿ ಕಾಣುತ್ತಲೇ ಇತ್ತು. ಟೀಚರುಗಳು ಫೋಟೋ ತೆಗೆಯುತ್ತ ಹಿಂದುಳಿದರು. ನಾನು ಹೊರಟೆ.

ಸ್ವಲ್ಪ ದೂರದಲ್ಲಿ ಎಡಗಡೆ ಗೋಡೆಯಲ್ಲಿ ಒಂದು ಸೀಳು. ಒಳಗೆ ತಣ್ಣನೆ ನೆರಳು, ಬಾಯಿಯಲ್ಲಿ ಸಾಣೆ ಹಿಡಿದ ಹಾಗೆ ಚಪ್ಪಟೆ ಕಲ್ಲುಗಳು. ಅಂಥ ಕಲ್ಲು ನಮ್ಮ ಕಡೆ ಸಿಗಬೇಕಲ್ಲ! ಒಂದಂತಸ್ತು ಕಟ್ಟಿದೆ. ಚೆನ್ನಾಗಿ ನಿಂತಿತು. ಬದನಗುಪ್ಪೆ ಸಂಬಳ ಬಂದರೆ ಇನ್ನೊಂದಂತಸ್ತು ಏನು ಕಷ್ಟ ಅಂತ ಮೇಲೊಂದು ಎಬ್ಬಿಸಿದೆ. ಮೊಣಕಾಲೆತ್ತರ ಬಂತು. ಕೈಮುಗಿದು, ಮತ್ತೆ ದಾರಿಗೆ ಬಂದು, ಬಿಳಿ ಬಂಡೆಯ ಹತ್ತಿರ ಹೋಗಿ ಕೂತೆ.

ಅರ್ಧ ಗಂಟೆ ಆದ ಮೇಲೆ ತಿರುವಿನಲ್ಲಿ ಮೇಘನಾ ಕಂಡಳು, ಹೆಗಲ ಮೇಲೆ ಜೋಶಿಯವರ ಕೈ, ಕಣ್ಣು ಪೂರಾ ಅವರ ಪಾದದ ಮೇಲೆ. ಹಿಂದೆ ಅವರ ಹೆಂಡತಿ. ತಲೆ ಎಣಿಸುವುದು ನನಗೆ ಉಸಿರಾಡಿದ ಹಾಗೆ. ನಾನೂ ಸೇರಿ ನಾಲ್ಕು. ಇನ್ನೊಂದು ಸಲ ಎಣಿಸಿದೆ. ನಾಲ್ಕೇ.

"ಟೀಚರ್‌ಗಳೆಲ್ಲಮ್ಮಿ?" ಅಂದೆ.

"ನಿನ್ ಜೊತೇಲಿ ಬರ್ಲಿಲ್ವಾ?" ಅಂದಳು. ಅವಳ ಮುಖದ ಬಣ್ಣವೇ ಇಳಿದುಹೋಯಿತು.

ಜೋಶಿ ದಂಪತಿಯನ್ನು ಬಂಡೆಯ ನೆರಳಲ್ಲಿ ಕೂರಿಸಿ, ನಾವಿಬ್ಬರೂ ಓಡುವವರ ಹಾಗೆ ಹಿಂದಕ್ಕೆ ನಡೆದೆವು. ಮೇಘನಾ ಸೀಳಿನ ಬಾಯಿಯಲ್ಲಿ ಗಕ್ಕನೆ ನಿಂತಳು. ನನ್ನ ಎರಡಂತಸ್ತಿನ ಮನೆ ಎದುರಿಗೇ ಇತ್ತು, ಅದರ ಪಕ್ಕದಲ್ಲಿ ಒಳಕ್ಕೆ ಹೋದ ಮೂರು ಜೊತೆ ಶೂ ಗುರುತು. "ಈ ಕಲ್ಲ ನೋಡೇ ಒಳಿಕ್ಕೋಗವ್ರೆ" ಅಂದಳು. "ಇಲ್ಲಿ ಕಲ್ಲಿಟ್ಟವ್ರೆ ಅಂದ್ರ ದಾರಿ ಇದು ಅಂತ ಅರ್ಥ. ಒಳಗ ಬರೀ ಸಡಿಲ ಗೋಡೆ. ಮುಟ್ಟುದ್ರ ಉದುರ್ತದ. ಮ್ಯಾಲಕ್ಕೆ ಹತ್ಬುಟ್ರೆ ಇಳಿಯಕ್ಕಾಗಕಿಲ್ಲ."

ಆ ಗುಡ್ಡೆಗಳು ಮನೆಯಲ್ಲ, ದಾರಿಯ ಗುರುತು ಅಂತ ಆಗ ನನಗೆ ಗೊತ್ತಾಯಿತು.

ಮೇಘನಾ ಟೀಚರುಗಳ ಹೆಸರು ಹಿಡಿದು ಕೂಗಿದಳು. ಅವಳ ಧ್ವನಿ ತೆಳು, ಮೊದಲ ತಿರುವಿನಲ್ಲೇ ಸತ್ತುಹೋಯಿತು. ಶಿಳ್ಳೆ ಊದಿದಳು, ಆ ಕಲ್ಲುಗೋಡೆಗೆ ಬಡಿದು ಅದು ಯಾವ ಕಡೆಯಿಂದ ಬಂತೋ ಅಂತ ನಮಗೇ ತಿಳಿಯಲಿಲ್ಲ. ನಾನು ಅವಳನ್ನು ಪಕ್ಕಕ್ಕೆ ಸರಿಸಿದೆ. ಹೊಟ್ಟೆಯಿಂದ ಉಸಿರು ಎಳೆದುಕೊಂಡು, ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ, ಲಾರಿಗಳ ಹಾರ್ನಿನ ನಡುವೆ, ಈರುಳ್ಳಿ ಮೂಟೆಗಳ ಆಚೆ ನಿಂತವರಿಗೂ ಕೇಳಿಸುವ ಹಾಗೆ ಕೂಗುತ್ತಿದ್ದ ಕೂಗನ್ನು ಕೂಗಿದೆ.

"ಬತ್ತೇರಿ ಬತ್ತೇರಿ ಬತ್ತೇರೀ! ಯಾರ್ರೀ ಬತ್ತೇರೀ!"

ಇಡೀ ಕಣಿವೆ ಬತ್ತೇರಿ ಬತ್ತೇರಿ ಅಂತ ಹೇಳಿತು. ಸದ್ದು ಅಡಗಿದ ಮೇಲೆ ಮೇಲಿನಿಂದ ಎಲ್ಲೋ ಸಣ್ಣಗೆ ಒಂದು ನಗು, ಆಮೇಲೆ ಲೀನಾ ಟೀಚರಳ ಧ್ವನಿ: "ಚೇಚೀ! ಇವಿಡೆ! ಇಲ್ಲಿ!"

ಮನುಷ್ಯನೆತ್ತರದ ಒಂದು ಬಂಡೆ ಹತ್ತಿ, ಮುಂದೆ ದಾರಿಯಿಲ್ಲದೆ, ಇಳಿಯಲು ಧೈರ್ಯವಿಲ್ಲದೆ ಮೂವರೂ ಕೂತಿದ್ದರು. ಮೇಘನಾ ಅವರನ್ನು ಇಳಿಸಿದ್ದನ್ನು ನಾನು ಕೆಳಗೆ ನಿಂತು ನೋಡಿದೆ. ಹಗ್ಗ ಕಟ್ಟಿದಳು. ಒಬ್ಬೊಬ್ಬರ ಪಾದವನ್ನೂ ತನ್ನ ಅಂಗೈಯಲ್ಲಿ ಹಿಡಿದು, ಯಾವ ಕಲ್ಲಿನ ಮೇಲೆ ಇಡಬೇಕೋ ಅದರ ಮೇಲೆ ಇಟ್ಟಳು. ಲೀನಾ ಟೀಚರ್ ನಡುಗುತ್ತಿದ್ದಳು. ಇವಳು ಅವಸರ ಮಾಡಲಿಲ್ಲ, ಗದರಲಿಲ್ಲ, ಏನೋ ತಮಾಷೆ ಹೇಳಿ ನಗಿಸಿದಳು. ದೇವರಾಜುವಿನ ನಿಧಾನ ಇವಳ ಕೈಯಲ್ಲಿತ್ತು. ಇಷ್ಟು ದಿನ ಅದನ್ನು ನಾನು ಸೋಮಾರಿತನ ಅಂತಲೇ ಬೈದಿದ್ದೆ. ಒಬ್ಬಳ ಮೊಣಕೈ ತರಚಿತ್ತು, ಅಷ್ಟೇ ನಷ್ಟ.

ಬಿಡಾರ ಸೇರಿದಾಗ ಒಂದೂವರೆ ಗಂಟೆ ತಡ. ಎಲ್ಲರೂ ಚಹಾ ಹಿಡಿದು ಕೂತ ಮೇಲೆ ತುಂಡುಪ್ ಪುಸ್ತಕ ತೆಗೆದ. "ಮೂರು ಜನ ತಪ್ಪಿಸಿಕೊಂಡರು. ಯಾಕೆ?" ಅಂತ ಹಿಂದಿಯಲ್ಲಿ ಮೇಘನಾಳನ್ನು ಕೇಳಿದ.

"ಸೀಳಿನ ಬಾಯಲ್ಲಿ ಯಾರೋ ತಪ್ಪು ಗುರುತು ಇಟ್ಟಿದ್ದರು. ಆದರೆ ಗುಂಪನ್ನು ಮುಂದೆ ಬಿಟ್ಟದ್ದು ನಾನು. ತಪ್ಪು ನನ್ನದು" ಅಂದಳು.

"ಯಾರೋ ಅಂದರೆ?"

"ಗೊತ್ತಿಲ್ಲ."

ಹಾಗೆ ಹೇಳುವಾಗ ಅವಳು ನನ್ನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದರಿಂದಲೇ ನನಗೆ ತಿಳಿಯಿತು, ಅವಳಿಗೆ ಗೊತ್ತು. ಯಾಕೆ ಗೊತ್ತಿರುವುದಿಲ್ಲ? ಐದು ವರ್ಷದ ಹುಡುಗಿಯಾಗಿದ್ದಾಗಿನಿಂದ ನನ್ನ ಕೈ ಹಿಡಿದು ಮಾದಪ್ಪನ ಬೆಟ್ಟಕ್ಕೆ ನಡೆದವಳು. ಎರಡು ಕಲ್ಲು ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚುವ ಜನ ಲಡಾಖಿನಲ್ಲಿ ಬೇರೆ ಯಾರಿದ್ದಾರೆ?

ತುಂಡುಪ್ ಪೆನ್ನಿನ ಮುಚ್ಚಳ ತೆಗೆದ.

ಆ ಗಳಿಗೆಯಲ್ಲಿ ನನ್ನ ಮನಸ್ಸಿಗೆ ಬಂದದ್ದನ್ನು ಮುಚ್ಚಿಡುವುದಿಲ್ಲ. ನಾನು ಸುಮ್ಮನೆ ಕೂತರೆ ಸಾಕಿತ್ತು. ಮಾದಪ್ಪ ನಾನು ಕೇಳಿದ್ದನ್ನು ಕೊಟ್ಟೇಬಿಟ್ಟಿದ್ದ. ಅವನು ಫೇಲ್ ಅಂತ ಬರೆಯುತ್ತಾನೆ, ಇವಳು ನನ್ನ ಜೊತೆ ರೈಲು ಹತ್ತುತ್ತಾಳೆ, ಒಂದನೇ ತಾರೀಕು ಬದನಗುಪ್ಪೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಲೋಟದ ಚಹಾ ತಣ್ಣಗಾಗುವವರೆಗೂ ಅದನ್ನು ಯೋಚಿಸಿದೆ. ಆಮೇಲೆ ಆ ಅಂಗೈ ನೆನಪಾಯಿತು, ಲೀನಾ ಟೀಚರಳ ಪಾದ ಹಿಡಿದ ಅಂಗೈ. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಎದ್ದು ನಿಂತೆ. ಕಂಡಕ್ಟರ್ ಹಿಂದಿ ನನ್ನದು, ಚಿಲ್ಲರೆ ಕೇಳುವುದಕ್ಕೆ ಸಾಕಾಗುವಷ್ಟು. ಅದರಲ್ಲೇ ಹೇಳಿದೆ. "ಆ ಕಲ್ಲು ನಾನಿಟ್ಟದ್ದು. ಗುರುತು ಅಂತ ನನಗೆ ಗೊತ್ತಿರಲಿಲ್ಲ. ನಮ್ಮ ಊರಲ್ಲಿ ದೇವರಿಗೆ ಮನೆ ಬೇಡಿಕೊಂಡು ಇಡುತ್ತೇವೆ. ಅವಳು ನಿಯಮ ಹೇಳುವಾಗ ನಾನು ಕೇಳಿಸಿಕೊಳ್ಳಲಿಲ್ಲ. ಅವಳಿಗೆ ಗೊತ್ತಿದ್ದೂ ನನ್ನ ಹೆಸರು ಹೇಳುತ್ತಿಲ್ಲ. ಬರೆಯುವುದಿದ್ದರೆ ನನ್ನ ಹೆಸರು ಬರೆಯಿರಿ. ಮಂಗಳಗೌರಿ, ಗುಂಡ್ಲುಪೇಟೆ ಡಿಪೋ."

ಟೀಚರುಗಳು ಬಾಯಿ ತೆರೆದು ನೋಡಿದರು. ನಾನು ಅವರ ಮುಂದೆ ಕೈಮುಗಿದೆ. ಲೀನಾ ಟೀಚರ್ ಎದ್ದು ಬಂದು ನನ್ನ ಕೈ ಬಿಡಿಸಿ, "ಕೂತ್ಕೊಳ್ಳಿ ಚೇಚಿ" ಅಂದಳು. ತುಂಡುಪ್ ಪೆನ್ನಿಗೆ ಮುಚ್ಚಳ ಹಾಕಿದ. "ನಾಳೆ ಬೆಳಿಗ್ಗೆ ಆ ಮನೆ ನೋಡಿ ಬರೆಯುತ್ತೇನೆ" ಅಂದ.

ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ನಾವು ಮೂವರೂ ಸೀಳಿನ ಬಾಯಿಗೆ ಹೋದೆವು. ತುಂಡುಪ್ ಕುಕ್ಕರಗಾಲಲ್ಲಿ ಕೂತು ನನ್ನ ಮನೆಯನ್ನು ಸುತ್ತಲಿಂದ ನೋಡಿದ. ಬಾಗಿಲ ಸಂದಿಯಲ್ಲಿ ಬೆರಳಿಟ್ಟ. ಅಲ್ಲಾಡಿಸಿದ, ಅಲುಗಲಿಲ್ಲ. ಮೊದಲ ಸಲ ಆ ಮನುಷ್ಯ ನಕ್ಕ. "ಗಟ್ಟಿಯಾಗಿದೆ" ಅಂದ. "ಆದರೆ ತಪ್ಪು ಜಾಗ." ಪುಸ್ತಕ ತೆಗೆದು ಅಲ್ಲೇ ನಿಂತು ಬರೆದು, ಬರೆದದ್ದನ್ನು ಓದಿ ಹೇಳಿದ: ಗುಂಪನ್ನು ಗೈಡ್ ಇಲ್ಲದೆ ಮುಂದೆ ಬಿಟ್ಟದ್ದು ತಪ್ಪು. ತಪ್ಪಿದವರನ್ನು ಹುಡುಕಿ ಇಳಿಸಿದ್ದು ಸರಿ. ಬೇರೆಯವರ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಳು, ಅದು ಈ ಕೆಲಸಕ್ಕೆ ಬೇಕಾದ ಗುಣ. ಪಾಸ್. "ಇನ್ನೊಂದು ಸಾಲು ಸೇರಿಸಿದ್ದೇನೆ" ಅಂದ. "ತಾಯಿಯನ್ನು ಮುಂದೆ ಬಿಡಕೂಡದು."

ಅವನು ಬಿಡಾರಕ್ಕೆ ಹೋದ. ನಾನು ಮೇಲಿನ ಚಪ್ಪಡಿ ಎತ್ತಿದೆ. ಮೇಘನಾ ಗೋಡೆಯ ಕಲ್ಲು ತೆಗೆದಳು.

"ಏನ್ ಬೇಡ್ಕಂಡಿದ್ದೆವ್ವ?"

"ನೀನು ಊರಿಗೆ ಬಂದ್ಬುಡ್ಲಿ ಅಂತ."

ಅವಳು ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟಳು. "ಎರಡಂತಸ್ತಾ?" ಅಂದಳು. ಇಬ್ಬರಿಗೂ ನಗು ಬಂತು, ನಗುನಗುತ್ತಲೇ ನಾನು ಅತ್ತುಬಿಟ್ಟೆ. "ಚಿಕ್ಕಮಲ್ಲಪ್ಪನಿಗೆ ನಾನೇ ಯೋಳ್ತೀನಿ ಬುಡು. ಬದನಗುಪ್ಪೆಗೆ ಬ್ಯಾರೆ ಯಾರಾದ್ರೂ ಓಗ್ಲಿ" ಅಂದೆ.

ಸರಿಯಾದ ದಾರಿ ಬಲಗಡೆ ಇತ್ತು. ಅಲ್ಲಿನ ಗುರುತು ಕುಸಿದು ಎರಡೇ ಕಲ್ಲು ಉಳಿದಿತ್ತು. ನನ್ನ ಮನೆಯ ಕಲ್ಲುಗಳನ್ನೆಲ್ಲ ಹೊತ್ತು ಅಲ್ಲಿಗೆ ಸಾಗಿಸಿದೆವು. ಅಭ್ಯಾಸಬಲದಿಂದ ನಾನು ಎರಡು ಕಲ್ಲು ನಿಲ್ಲಿಸಲು ಹೋದೆ. ಮೇಘನಾ ಕೈ ಹಿಡಿದಳು. "ಮನೆ ಅಲ್ಲ ಕಣವ್ವ. ಸುಮ್ನ ಒಂದರ ಮ್ಯಾಲೊಂದು." ಹಾಗೇ ಇಟ್ಟೆ. ಕೊನೇ ಕಲ್ಲು ಇಟ್ಟು ಕೈಮುಗಿಯಲು ಹೋದವಳು ಏನೂ ಬೇಡುವುದಕ್ಕೆ ತೋಚದೆ ಸೀರೆ ಸೆರಗಿಗೆ ಕೈ ಒರೆಸಿಕೊಂಡೆ.

ಬಿಡಾರಕ್ಕೆ ಹಿಂದಿರುಗಿದಾಗ ಎಲ್ಲರೂ ಚೀಲ ಹೊತ್ತು ಸಿದ್ಧರಾಗಿದ್ದರು. ಮೇಘನಾ ಅವರನ್ನು ಸಾಲಾಗಿ ನಿಲ್ಲಿಸಿದಳು. ನಾನು ಅಭ್ಯಾಸದಂತೆ ಮುಂದೆ ಹೋಗಿ ನಿಂತೆ.

"ನೀನು ಹಿಂದಕ್ಕೆ ಓಗವ್ವ" ಅಂದಳು. "ಕಂಡಕ್ಟರ್ ಜಾಗ ಹಿಂದ್ಗಡೆ ತಾನೆ? ಒಬ್ರೂ ತಪ್ಪಿಸ್ಕಳ್ದಂಗೆ ನೋಡ್ಕೊ."

ಹಿಂದಕ್ಕೆ ಹೋದೆ. ತಲೆ ಎಣಿಸಿದೆ. ಟೀಚರುಗಳು ಮೂವರು, ಜೋಶಿ ದಂಪತಿ ಇಬ್ಬರು, ತುಂಡುಪ್, ಎಲ್ಲರಿಗಿಂತ ಮುಂದೆ ನೀಲಿ ಟೋಪಿ ಹಾಕಿದ ನನ್ನ ಮಗಳು. ಎಲ್ಲರೂ ಇದ್ದರು. ಆದರೂ ಅವಳು ಹೊರಡಲಿಲ್ಲ. ತಿರುಗಿ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಏನು ಕಾಯುತ್ತಿದ್ದಾಳೆ ಅಂತ ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು.

ಗಂಟಲು ಸರಿಮಾಡಿಕೊಂಡೆ.

"ರೈಟ್! ಓಗ್ಲೀ!"

ಅವಳು ಹೆಜ್ಜೆ ಎತ್ತಿದಳು.